ಕಾಟಾದೊಳಗಿನ ಕೊಸರು

ಗೊಣಗುವವರನ್ನು ಕಂಡರೆ ಜ್ಯೋತಿಲಕ್ಷ್ಮಿಗೆ ಭಯವೂ ಇಲ್ಲ, ಬೇಸರವೂ ಇಲ್ಲ. ಅತ್ತೆ ಮಂಗಳವ್ವನ ಜೊತೆ ಇಷ್ಟು ವರ್ಷ ಬಾಳುವೆ ಮಾಡಿದವಳಿಗೆ ಅದೇನು ದೊಡ್ಡ ಮಾತೇ! ಮಂಗಳವ್ವ ಬೆಳಗ್ಗೆ ಮುಖ ತೊಳೆಯುವ ಮುಂಚೆಯೇ ಶುರು ಮಾಡುತ್ತಾಳೆ: ಕಸಬರಿಗೆ ನೆಟ್ಟಗೆ ಇಟ್ಟಿಲ್ಲ, ಚಿಲಕ ಸಡಿಲಾಗಿದೆ, ಬೆಕ್ಕು ಒಳಗೆ ಬಂದಿತ್ತು, ಒಲೆಯ ಮೇಲೆ ಹಾಲಿದೆ. ಮಗ ಹುಲಿಗೇಶ ಕಿವಿಗೆ ಮಫ್ಲರ್ ಸುತ್ತಿಕೊಂಡು ಬಸ್ ಡಿಪೋಗೆ ಓಡಿಬಿಡುತ್ತಾನೆ. ಸೊಸೆ ಮಾತ್ರ ಪೂರಾ ಕೇಳಿಸಿಕೊಳ್ಳುತ್ತಾಳೆ. ಹತ್ತರಲ್ಲಿ ಒಂಬತ್ತು ಮಾತು ಬರೀ ಗಾಳಿ, ಖರೆ. ಆದರೆ ಹತ್ತನೆಯದು ಹಾಲು ಉಕ್ಕುವ ಸುದ್ದಿ, ಅದನ್ನೂ ಮಂಗಳವ್ವ ಅದೇ ದನಿಯಲ್ಲೇ ಹೇಳುತ್ತಾಳೆ. ಕೇಳದಿದ್ದವರ ಹಾಲು ಒಲೆಯ ಪಾಲು.

ಈ ಕಿವಿಯೇ ಅವಳ ಕಸುಬಿಗೂ ಬಂತು ಅನ್ನಬೇಕು. ಮೋಟೆಬೆನ್ನೂರಿನ ಸೊಸೆ, ಹಾವೇರಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದವಳು, ದಿನಾ ಹೆದ್ದಾರಿಗೆ ಬಂದು ಬಸ್ಸು ಹಿಡಿದು ರಾಣೆಬೆನ್ನೂರಿಗೆ ಹೋಗುತ್ತಾಳೆ. ಅಲ್ಲಿ ಮಾಲತೇಶಪ್ಪ ಎನ್ನುವವರದೊಂದು ವರ್ಕ್‌ಶಾಪು. ಎಲೆಕ್ಟ್ರಾನಿಕ್ ಕಾಟಾ, ಅಂದರೆ ತೂಕದ ಯಂತ್ರ, ತಯಾರಿಸುವ ಜಾಗ. ಸೇರಿದಾಗ ಅವಳ ಕೆಲಸ ಬೆಸುಗೆ ಹಾಕುವುದು. ಈಗ ಬೆಸುಗೆಯ ಮೇಜಿನಲ್ಲಿ ಬೇನಜೀರ ಕೂರುತ್ತಾಳೆ, ಜ್ಯೋತಿಲಕ್ಷ್ಮಿ ಮಾಲತೇಶಪ್ಪನವರಿಂದಲೇ ಕಲಿತು ಕಾಟಾದ ಚಿಪ್ಪಿನೊಳಗೆ ಕೂರುವ ಪ್ರೋಗ್ರಾಮನ್ನು ನೋಡಿಕೊಳ್ಳುತ್ತಾಳೆ. ಇಬ್ಬರೂ ಸೇರಿದರೆ ಬಾಯಿಗೆ ಬಿಡುವಿಲ್ಲ, ಕೈಗೂ ಬಿಡುವಿಲ್ಲ.

ಮಾಲತೇಶಪ್ಪನವರದು ಅರವತ್ತು ದಾಟಿದ ಜೀವ. ಓದಿದ್ದು ಐಟಿಐ. ಎಲೆಕ್ಟ್ರಾನಿಕ್ ಕಾಟಾ ಕಂಡರೆ ಜನ ಅದರ ಬೆನ್ನ ಹಿಂದೆ ಹೋಗಿ ವೈರು ಎಳೆದು ನೋಡುತ್ತಿದ್ದ ಕಾಲದಲ್ಲಿ ಸಿ ಭಾಷೆಯ ಪುಸ್ತಕವೊಂದನ್ನು ತಂದು, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು, ತಾವೇ ಕಲಿತು ತೂಕದ ಲೈಬ್ರರಿ ಬರೆದವರು. ಲೈಬ್ರರಿ ಅಂದರೆ ಪುಸ್ತಕದ ಕೋಣೆಯಲ್ಲ. ಒಮ್ಮೆ ಬರೆದಿಟ್ಟು ಬೇಕಾದ ಕಾಟಾಕ್ಕೆಲ್ಲ ಸೇರಿಸಿಕೊಳ್ಳುವ ಪ್ರೋಗ್ರಾಮಿನ ಗಂಟು. ಮೊದಲು ಅದನ್ನು ಕಿರಾಣಿ ಅಂಗಡಿಯ ಸಣ್ಣ ಕಾಟಾಕ್ಕೆಂದು ಬರೆದರು. ಆಮೇಲೆ ಮಾರ್ಕೆಟ್ಟಿನಲ್ಲಿ ಚೀಲ ತೂಗುವ ದೊಡ್ಡ ಕಾಟಾಕ್ಕೂ ಅದೇ ಗಂಟನ್ನು ಎತ್ತಿ ಹಾಕಿದರು. ನಡೆಯುತ್ತಿರುವ ಗಾಡಿಯ ಗಾಲಿಯನ್ನು ಯಾರು ಬಿಚ್ಚುತ್ತಾರೆ?

ಅವರ ಕಾಟಾದ ಮುಂದೆ ‘ಮಾಲತೇಶ’ ಎಂದು ಹಳದಿ ಪಟ್ಟಿ ಇರುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ತೂಕಕ್ಕೆ ಜಗಳ ಬಿದ್ದರೆ “ಮಾಲತೇಶ ಕಾಟಾದಾಗ ಹಾಕ್ರಿ, ಮುಗದ ಹೋಗಲಿ” ಅನ್ನುವುದು ರೂಢಿಯ ಮಾತಾಗಿತ್ತು. ಈ ಮಾತನ್ನು ಯಾರಾದರೂ ಬಂದು ಹೇಳಿದ ದಿನ ವರ್ಕ್‌ಶಾಪಿಗೆಲ್ಲ ಮಿರ್ಚಿ ಭಜಿ, ಚಹಾ. ಮಾಲತೇಶಪ್ಪನವರು ಹೊಲ ಕೊಂಡವರಲ್ಲ, ಕಾರು ಕೊಂಡವರಲ್ಲ. ಗಳಿಸಿದ್ದು ಅಂದರೆ ಈ ಹೆಸರು ಒಂದೇ. ಅದನ್ನು ಅವರು ಬಾಯಿಬಿಟ್ಟೇ ಹೇಳುತ್ತಿದ್ದರು.

ಎಲ್ಲ ನೆಟ್ಟಗೆ ನಡೆದಿತ್ತು, ಅಷ್ಟರಲ್ಲಿ ಹಳೆಯ ಚಿಪ್ಪು ಬರುವುದು ನಿಂತುಹೋಯಿತು. ಹೊಸ ಚಿಪ್ಪಿಗೆ ಹೊಸ ಕಂಪೈಲರ್ ಬೇಕು. ನಾವು ಬರೆದ ಪ್ರೋಗ್ರಾಮನ್ನು ಚಿಪ್ಪಿಗೆ ತಿಳಿಯುವ ಹಾಗೆ ಮಾಡಿಕೊಡುವುದೇ ಕಂಪೈಲರ್. ಪ್ರೋಗ್ರಾಮಿನಲ್ಲಿ ತಪ್ಪಿದ್ದರೆ ಅದು ನಿಂತುಬಿಡುತ್ತದೆ. ಬರೀ ಅನುಮಾನವಿದ್ದರೆ ‘ವಾರ್ನಿಂಗ್’ ಎಂದು ಒಂದು ಸಾಲು ಗೊಣಗಿ ಮುಂದೆ ಹೋಗುತ್ತದೆ. ಮಾಲತೇಶಪ್ಪನವರು ಎಂದೋ ಒಂದು ದಿನ ಈ ಗೊಣಗಾಟಕ್ಕೆ ರೋಸಿ, ವಾರ್ನಿಂಗ್ ಒಂದನ್ನೂ ತೋರಿಸಬೇಡ ಎಂದು ಕಂಪೈಲರಿಗೆ ಹೇಳಿಟ್ಟಿದ್ದರು. ಜ್ಯೋತಿಲಕ್ಷ್ಮಿ ಹೊಸ ಕಂಪೈಲರಿನಲ್ಲಿ ಆ ಬಾಯಿಕಟ್ಟನ್ನು ಬಿಚ್ಚಿದಳು. ಅಬ್ಬಾ! ಪರದೆಯ ತುಂಬ ಸಾಲು, ಕೆಳಗೆ ಎಳೆದಷ್ಟೂ ಸಾಲು. ಬೇನಜೀರ ಬೆಸುಗೆ ಬಿಟ್ಟು ಬಂದು ನೋಡಿದಳು.

“ಏನ ಇದು, ನಿಮ್ಮತ್ತಿ ಕಂಪ್ಯೂಟರಿನ್ಯಾಗೂ ಬಂದ್ರೇನ?”

“ಸುಮ್ನಿರ. ಇಷ್ಟೂ ನಾ ಒಂದೊಂದ ನೋಡಬೇಕು.”

“ತೂಕಾ ಬರೋಬರಿ ಬರಾಕತ್ತೇತಿ, ಮತ್ಯಾಕ ಕೆದರತಿ?”

“ಒಂದರ ಹಾಲಿಂದು ಇರತೈತಿ,” ಅಂದಳು ಜ್ಯೋತಿಲಕ್ಷ್ಮಿ. ಬೇನಜೀರಗೆ ತಲೆಬುಡ ತಿಳಿಯಲಿಲ್ಲ.

ಮುಂದಿನ ದಿನಗಳೆಲ್ಲ ಅಕ್ಕಿ ಆರಿಸುವ ಕೆಲಸದಂತೆ ನಡೆದವು. ಒಂದು ಕಡೆ ಹೆಸರು ಕೊಟ್ಟು ಬಳಸದೇ ಬಿಟ್ಟ ಪದ, ಇನ್ನೊಂದು ಕಡೆ ಬೆಲೆ ತುಂಬುವ ಮುಂಚೆಯೇ ಓದಿದ ಪದ. ಅವನ್ನು ತಿದ್ದುವುದು ಕಷ್ಟವಲ್ಲ. ಕಷ್ಟವಾದದ್ದು ಹಳೆಯದನ್ನು ತೆಗೆದುಹಾಕುವುದು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಒಂದೊಂದು ಹೆಗ್ಗಣ ಹಿಡಿದಾಗಲೂ ಮಾಲತೇಶಪ್ಪನವರು ಕುರ್ಚಿ ಎಳೆದುಕೊಂಡು ಬರುತ್ತಿದ್ದರು.

“ಸರ್ರ, ಇದು ಪ್ರಿಂಟರಿಂದು. ಆ ಪ್ರಿಂಟರ್ ಈಗ ಯಾರ ಕಡೇನೂ ಇಲ್ಲ. ತಗದಬಿಡ್ಲಿ?”

“ಇರಲಿ ಬಿಡ ಜ್ಯೋತವ್ವ. ಅದೇನ ಅನ್ನಾ ಕೇಳತೈತಾ?”

“ಅನ್ನಾ ಕೇಳೂದಿಲ್ರಿ, ಜಾಗಾ ಕೇಳತೈತಿ. ನಾಳೆ ಯಾರರ ಇದನ್ನ ಖರೇ ಅಂತ ತಿಳದು ಕೈ ಹಚ್ಚತಾರ.”

“ಹಾವೇರ್ಯಾಗ ಒಂದ ಗೋದಾಮಿಗೆ ಅಂತ ಬರದಿದ್ದೆ. ಆ ಸಾವಕಾರ ಭಾಳ ಛಲೋ ಮನುಷಾ...” ಎಂದು ಕಥೆ ಶುರುವಾಗುತ್ತಿತ್ತು. ಅವಳು ಕಥೆ ಪೂರ್ತಿ ಕೇಳುತ್ತಿದ್ದಳು, ಆಮೇಲೆ ತೆಗೆಯುತ್ತಿದ್ದಳು. ಮುದುಕರು ಎದ್ದು ಹೋಗುವಾಗ “ತಗಿ, ತಗಿ, ಎಲ್ಲಾ ತಗದ ಬಯಲ ಮಾಡು” ಎಂದು ಬೈದರೂ ಮುಖದಲ್ಲಿ ಸಿಟ್ಟಿರುತ್ತಿರಲಿಲ್ಲ. ಈ ಹುಡುಗಿ ಅಲ್ಲದಿದ್ದರೆ ತನ್ನ ಬರಹವನ್ನು ಇಷ್ಟು ಆಸ್ಥೆಯಿಂದ ಓದುವವರು ಯಾರಿದ್ದಾರೆ ಅನ್ನುವುದು ಅವರಿಗೂ ಗೊತ್ತಿತ್ತು.

ಪರದೆ ಹೆಚ್ಚುಕಡಿಮೆ ಬರಿದಾದ ಮೇಲೆ ಒಂದು ಸಾಲು ಉಳಿಯಿತು. ಅದು ‘ಕೊಸರು’ ಎಂಬ ಹೆಸರಿನ ತುಣುಕಿನದು. ಮಾಲತೇಶಪ್ಪನವರು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುವವರು, ಒಳಗೆಲ್ಲ ಚೀಲ, ಬುಟ್ಟಿ, ತೂಕ ಅನ್ನುವ ಹೆಸರುಗಳೇ. ದಶಾಂಶವಿರುವ ತೂಕವನ್ನು ಪೂರ್ಣ ಅಂಕಿಗೆ ಇಳಿಸುತ್ತಿದ್ದೀರಿ, ಉಳಿದದ್ದು ಕಳೆದುಹೋಗಬಹುದು ಎಂದು ಕಂಪೈಲರ್ ಅಲ್ಲಿ ಗೊಣಗುತ್ತಿತ್ತು. ಜ್ಯೋತಿಲಕ್ಷ್ಮಿ ಮರಳು ತುಂಬಿದ ಚೀಲವನ್ನು ದೊಡ್ಡ ಕಾಟಾದ ಮೇಲಿಟ್ಟಳು. ಮೇಲೆ ಸಣ್ಣ ಸಣ್ಣ ತೂಕದ ಕಲ್ಲು ಇಡುತ್ತ ಹೋದಳು. ಅಂಕಿ ಅಲ್ಲಾಡಲಿಲ್ಲ. ಇನ್ನೊಂದು, ಮತ್ತೊಂದು, ಅಲ್ಲಾಡಲಿಲ್ಲ. ಮುಂದಿನ ಅಂಕಿಗೆ ಬೇಕಾದ ತೂಕ ಪೂರಾ ತುಂಬಿದ ಮೇಲಷ್ಟೇ ಅಂಕಿ ಜಿಗಿಯಿತು. ಅರ್ಧಕ್ಕಿಂತ ಹೆಚ್ಚು ತುಂಬಿದರೆ ಮೇಲಿನ ಅಂಕಿ ತೋರಿಸುವುದು ಎಲ್ಲ ಕಾಟಾಗಳ ನ್ಯಾಯ. ಈ ಕಾಟಾ ಯಾವಾಗಲೂ ಕೆಳಗಿನದನ್ನೇ ತೋರಿಸುತ್ತಿತ್ತು. ಚೀಲ ಚೀಲಕ್ಕೂ ಒಂದಿಷ್ಟು ಕಾಯಿ ಗಾಳಿಗೆ ಹೋಗುತ್ತಿತ್ತು, ಪ್ರತಿಸಲವೂ ಮಾರುವವನದೇ.

ಸರಕಾರದ ತಪಾಸಣೆಯಲ್ಲಿ ಇದು ಸಿಕ್ಕಿರಲಿಲ್ಲ, ಯಾಕೆಂದರೆ ಅವರು ತಂದಿಡುವ ಕಲ್ಲು ಇಡೀ ಇಡೀ ಕಿಲೋದ್ದು. ಇಡೀ ಕಲ್ಲಿಗೆ ಕಳೆಯಲು ಚೂರೆಲ್ಲಿದೆ? ಇನ್ನು ಚೂರು ವ್ಯತ್ಯಾಸಕ್ಕೆ ಕಾನೂನಿನಲ್ಲೇ ರಿಯಾಯಿತಿ ಉಂಟು. ಜ್ಯೋತಿಲಕ್ಷ್ಮಿ ಕಲ್ಲುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕಿದಳು. ಅವಳ ತವರಿನವರೂ ಮೆಣಸಿನಕಾಯಿ ಬೆಳೆಯುವವರೇ, ಬ್ಯಾಡಗಿಗೆ ಒಯ್ಯುವವರೇ.

ಬೇನಜೀರಗೆ ಹೇಳಿದಳು. ಬೇನಜೀರ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

“ಹೊಸಾದ್ರಾಗ ಸರಿ ಮಾಡು, ಬಾಯಿ ಹೊಲಕೊಂಡು ಸುಮ್ನ ಇರು. ಸರ್‌ಗೆ ಹೇಳಿದ್ರ ಜೀವಾ ಒಡಕೋತಾರ.”

“ಹಳೇವು ಬ್ಯಾಡಗ್ಯಾಗ ಇನ್ನೂ ತೂಗಾಕತ್ತಾವಲ್ಲ?”

“ತೂಗ್ಲಿ ಬಿಡು. ಒಂದ ಹಿಡಿ ಕಾಯಿಗೆ ಯಾರ ಮನಿ ಮುಳಗತೈತಿ?”

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಜ್ಯೋತಿಲಕ್ಷ್ಮಿಗೆ ಒದೆಯ ಹೆದರಿಕೆಯಿರಲಿಲ್ಲ. ಆದರೆ ತನಗೆ ವಿದ್ಯೆ ಕೊಟ್ಟವರ ಹೆಸರಿಗೆ ತಾನೇ ಮಸಿ ಬಳಿಯಬೇಕಲ್ಲ ಎಂದು ಸಂಕಟವಾಗುತ್ತಿತ್ತು. ಅವರು ಬದುಕಿರುವುದೇ ಆ ಹೆಸರಿನ ಮೇಲೆ. ಬಾಯಿ ಮುಚ್ಚಿದರೆ ಹೆಸರು ಉಳಿಯುತ್ತದೆ, ತೆರೆದರೆ ಹೋಗುತ್ತದೆ. ನಡುವಿನ ದಾರಿ ಅಂತ ಒಂದಿರಲಿಲ್ಲ. ಆ ದಿನ ಬಸ್ಸಿನಲ್ಲಿ ಕೂತು ಮೋಟೆಬೆನ್ನೂರು ದಾಟಿದ್ದೂ ತಿಳಿಯದೆ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬಂದಳು.

ಮರುದಿನ ಚಹಾದ ಹೊತ್ತಿಗೆ ಹೇಳಿಯೇಬಿಟ್ಟಳು. ಮಾಲತೇಶಪ್ಪನವರು ಮೊದಲು ನಕ್ಕರು.

“ಏ ಹುಚ್ಚಿ, ಅದು ತಪ್ಪಲ್ಲ. ಅದನ್ನ ನಾ ಬೇಕಂತನ ಬರದದ್ದು. ನಮ್ಮಪ್ಪಂದು ಕಿರಾಣಿ ಅಂಗಡಿ. ತಕ್ಕಡಿ ಸಮಾ ನಿಂದ್ರಿಸಿ ಬೆಲ್ಲಾ ಕೊಟ್ರ ‘ಇದೇನಲೇ ಜಿಪುಣರ ತೂಕಾ, ಗಿರಾಕಿ ಕಡೆ ಬಾಗಬೇಕು, ಮ್ಯಾಲೊಂದೀಟು ಕೊಸರು ಹಾಕು’ ಅಂತ ತಲಿಗೆ ಬಡೀತಿದ್ದ. ಎಲೆಕ್ಟ್ರಾನಿಕ್ ಬಂದಮ್ಯಾಲ ಕೊಸರು ಹಾಕೋರ ಇಲ್ಲ. ಅದಕ್ಕ ಕಾಟಾದಾಗ ಇಟ್ಟಬಿಟ್ಟೆ. ಚೂರು ಎಣಸಬ್ಯಾಡ ಅಂತ. ಅಂಗಡ್ಯಾಂವ ಅಂಕಿ ತುಂಬೋತನಾ ಸುರೀತಾನ, ತಗೊಳ್ಳೋರಿಗೆ ನಾಕ ಕಾಳು ಜಾಸ್ತಿ ಹೋಗತೈತಿ. ಧರ್ಮದ ಕೆಲಸಾ ಅದು!”

ಹೇಳುವಾಗ ಅವರ ಕಣ್ಣಲ್ಲಿ ಬೆಳಕಿತ್ತು. ಇಷ್ಟು ವರ್ಷ ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡ ಪುಣ್ಯವಾಗಿತ್ತು ಅದು. ಜ್ಯೋತಿಲಕ್ಷ್ಮಿಗೆ ಅಳು ಬಂದಂತಾಯಿತು. ಆದರೂ ಬಿಡಲಿಲ್ಲ.

“ಅಂಗಡ್ಯಾಗ ಖರೇ ಐತ್ರಿ ಸರ್ರ. ಅಲ್ಲಿ ಮಾರಾಂವ ಸಾವಕಾರ, ತಗೊಳ್ಳೋರು ಬಡವರು. ಬ್ಯಾಡಗ್ಯಾಗ ಮಾರೋರು ಯಾರ್ರಿ?”

ಮಾಲತೇಶಪ್ಪನವರು ಬಾಯಿಗೊಯ್ದ ಚಹಾದ ಬಸಿಯನ್ನು ಅಲ್ಲೇ ಹಿಡಿದರು.

“ರೈತರು,” ಅಂದರು.

“ತಗೊಳ್ಳೋರು?”

“ದಲಾಲರು.”

“ಕೊಸರು ಮಾರೋರು ತಾವಾಗಿ ಕೈಯಾರೆ ಹಾಕೂದ್ರಿ. ನಿಮ್ಮ ಕಾಟಾ ಕೇಳದನ ಕಸಗೊಂಡು ದಲಾಲರ ಚೀಲಕ್ಕ ಹಾಕಾಕತ್ತೇತಿ. ಅದ ಲೈಬ್ರರಿ, ಅದ ಸಾಲು. ಅಲ್ಲಿ ಧರ್ಮಾ, ಇಲ್ಲಿ...”

“ಹೇಳು. ಕಳವು ಅನ್ನು,” ಎಂದು ಮಾಲತೇಶಪ್ಪನವರೇ ಅಂದರು. ಬಸಿ ಕೆಳಗಿಟ್ಟು, ಚಪ್ಪಲಿ ಮೆಟ್ಟಿ, ಊಟದ ಡಬ್ಬಿಯನ್ನೂ ಮರೆತು ಮನೆಗೆ ಹೋದರು. ಬೇನಜೀರ ಆ ಡಬ್ಬಿಯನ್ನು ತಂದು ಜ್ಯೋತಿಲಕ್ಷ್ಮಿಯ ಮೇಜಿನ ಮೇಲಿಟ್ಟಳು. ಜ್ಯೋತಿಲಕ್ಷ್ಮಿಗೆ ಅದು ಬೈಗುಳಕ್ಕಿಂತ ಹೆಚ್ಚು ಹತ್ತಿತು.

ಮರುದಿನ ಅವರು ಬರಲಿಲ್ಲ, ಅದರ ಮರುದಿನವೂ ಇಲ್ಲ. ಫೋನು ಎತ್ತಲಿಲ್ಲ. ಜ್ಯೋತಿಲಕ್ಷ್ಮಿ ‘ಕೊಸರು’ ತೆರೆದು ನೋಡುವುದು, ಮುಚ್ಚುವುದು, ಇಷ್ಟೇ ಮಾಡಿದಳು. ಮನೆಯಲ್ಲಿ ಮಂಗಳವ್ವ ಕೂಡ ಸೊಸೆಯ ಮುಖ ನೋಡಿ ಗೊಣಗುವುದನ್ನು ಸ್ವಲ್ಪ ಕಡಿಮೆ ಮಾಡಿದಳೆಂದರೆ ನೀವೇ ತಿಳಿದುಕೊಳ್ಳಿ.

ಸೋಮವಾರ ಬೆಳಗ್ಗೆ ವರ್ಕ್‌ಶಾಪಿನ ಬಾಗಿಲು ತೆರೆದೇ ಇತ್ತು. ಮಾಲತೇಶಪ್ಪನವರು ಇಸ್ತ್ರಿ ಅಂಗಿ ಹಾಕಿಕೊಂಡು, ಸಣ್ಣ ತೂಕದ ಕಲ್ಲುಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಗಡ್ಡ ಬೋಳಿಸಿರಲಿಲ್ಲ.

“ಹೊಸಾದ್ರಾಗ ಅದನ್ನ ತಗದಿ?”

“ಇಲ್ರಿ. ನೀವು ಹೂಂ ಅಂದಿಲ್ಲಲ್ರಿ.”

“ತಗಿ. ಹಳೇವಕ್ಕೂ ಹೊಸಾ ಪ್ರೋಗ್ರಾಂ ತುಂಬಬೇಕು. ಸರಕಾರದ ಸೀಲ್ ಒಡ್ಯಾಕ ತೂಕದ ಇಲಾಖೆಯವರ ಬರಬೇಕು, ಅರ್ಜಿ ಕೊಟ್ಟು ಬಂದೇನಿ. ಅವರ ಬರೋತನಾ ಸುಮ್ನ ಕುಂದ್ರಾಕ ಆಗೂದಿಲ್ಲ. ಇವತ್ತ ಸಂತಿ ಐತಿ, ನಡಿ ಬ್ಯಾಡಗಿಗೆ.”

“ಏನಂತ ಹೇಳತೀರಿ ಸರ್ರ?”

“ಇದ್ದದ್ದ ಹೇಳೂದು. ಮತ್ತೇನ ಹೇಳಾಕ ಬರತೈತಿ?”

ಮಾರ್ಕೆಟ್ಟಿನ ಗೇಟು ದಾಟುತ್ತಲೇ ಘಾಟು ಮೂಗಿಗೆ ಹೊಡೆಯಿತು. ಎಲ್ಲಿ ನೋಡಿದರೂ ಕೆಂಪು ರಾಶಿ, ಸೀನುವ ಮಂದಿ. ಇಬ್ಬರೂ ಲಕ್ಕಪ್ಪ ಅನ್ನುವ ದಲಾಲರ ಅಂಗಡಿಗೆ ಹೋದರು. ಅಲ್ಲಿ ಹಳದಿ ಪಟ್ಟಿಯ ಕಾಟಾದ ಮುಂದೆ ರೈತರು ಚೀಲ ಹಚ್ಚಿಕೊಂಡು ನಿಂತಿದ್ದರು. ಲಕ್ಕಪ್ಪ “ಬರ್ರಿ ಬರ್ರಿ ಮಾಲತೇಶಪ್ಪಾರ, ಕುಂದ್ರಿ, ಚಾ ತರಸ್ತೇನಿ” ಎಂದು ಎದ್ದು ಬಂದರು. ಮಾಲತೇಶಪ್ಪನವರು ಕೂರಲಿಲ್ಲ. ಕಾಟಾದ ಪಕ್ಕ ನಿಂತು, ಎಲ್ಲರಿಗೂ ಕೇಳುವ ಹಾಗೆ, ಈ ಕಾಟಾ ಮಾಡಿದವನು ನಾನೇ, ಇದು ಪ್ರತಿ ಚೀಲಕ್ಕೂ ಚೂರು ಕಡಿಮೆ ತೋರಿಸುತ್ತಿದೆ, ಅಂಗಡಿಗೆ ಬರೆದ ಲೆಕ್ಕವನ್ನು ವಿಚಾರ ಮಾಡದೆ ಇಲ್ಲಿಗೂ ಹಾಕಿದೆ ಎಂದು ಹೇಳಿದರು. ಜ್ಯೋತಿಲಕ್ಷ್ಮಿ ನೆಲ ನೋಡಿಕೊಂಡು ನಿಂತಳು.

ಲಕ್ಕಪ್ಪನ ಮುಖ ಕಪ್ಪಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಯಾರೂ ಕೇಳದಿದ್ದರೂ “ನಂಗೇನೂ ಗೊತ್ತಿಲ್ಲಪಾ, ನಂಗೇನೂ ಗೊತ್ತಿಲ್ಲ” ಅಂದರು. ಪಾಪ, ಗೊತ್ತಿರಲೂ ಇಲ್ಲ. ಆಮೇಲೆ ಮಾಲತೇಶಪ್ಪನವರ ಕಿವಿಯ ಹತ್ತಿರ ಬಂದು, “ಏನ್ರೀ ಇದು, ತಲಿ ಗಿಲಿ ಕೆಟ್ಟೇತೇನ್ರಿ? ಕೇಳಿದ್ರೇನ ಯಾರರ? ನಿಮ್ಮ ಹೆಸರ ನೀವ ಮಣ್ಣಾಗ ಹಾಕ್ಕೋತೀರಿ” ಎಂದು ಪಿಸುಗುಟ್ಟಿದರು.

ಸಾಲಿನಲ್ಲಿ ಮೊದಲು ನಿಂತಿದ್ದವಳು ಕಾಗಿನೆಲೆ ಕಡೆಯ ಉಚ್ಚಂಗೆವ್ವ. ಮಾಲತೇಶಪ್ಪನವರ ವಾರಿಗೆಯವಳೇ. ಸೆರಗಿನಿಂದ ಮೂಗು ಮುಚ್ಚಿಕೊಂಡು ಎಲ್ಲವನ್ನೂ ಕೇಳಿದ್ದಳು. ಸೆರಗು ತೆಗೆದಳು.

“ಯಣ್ಣಾ, ಹ್ವಾದ ವರ್ಷದ್ದು ಯಾರ ಕೊಡ್ತಾರ? ಅದರ ಹಿಂದಿನ ವರ್ಷದ್ದು?”

ಮಾಲತೇಶಪ್ಪನವರು ಅವಳ ಮುಖವನ್ನೇ ನೋಡಿದರು.

“ಯಾರೂ ಕೊಡೂದಿಲ್ಲವಾ. ಅದನ್ನ ಲೆಕ್ಕಾ ಹಾಕಿ ಕೊಡಾಕ ನನ್ನ ಕಡೆ ಆಗೂದಿಲ್ಲ. ತಪ್ಪು ನಂದ.”

“ಹೂಂ, ನಿಂದ,” ಅಂದಳು ಉಚ್ಚಂಗೆವ್ವ. ಸಮಾಧಾನದ ಒಂದು ಮಾತನ್ನೂ ಸೇರಿಸಲಿಲ್ಲ. ಜ್ಯೋತಿಲಕ್ಷ್ಮಿಗೆ ಹೋಗಿ ಮಾಲತೇಶಪ್ಪನವರ ಕೈ ಹಿಡಿದು ಹೊರಗೆ ಕರೆದೊಯ್ಯಬೇಕು ಅನ್ನಿಸಿತು. ಅಷ್ಟರಲ್ಲಿ ಮುದುಕಿ ತನ್ನ ಚೀಲದ ಮೇಲೆ ಕೈ ಬಡಿದಳು. “ಆತು, ಹ್ವಾದದ್ದು ಹೋತು. ಇವತ್ತಿಂದರ ನೆಟ್ಟಗ ತೂಗಿ ಕೊಡತೀಯಿಲ್ಲ?”

“ಕೊಡತೇನಿ.”

ಹಮಾಲರು ಚೀಲವನ್ನು ಕಾಟಾದ ಮೇಲಿಟ್ಟರು. ಅಂಕಿ ನಿಂತಿತು. ಮಾಲತೇಶಪ್ಪನವರು ಪೆಟ್ಟಿಗೆ ತೆರೆದು ಸಣ್ಣ ಕಲ್ಲುಗಳನ್ನು ಒಂದೊಂದಾಗಿ ಚೀಲದ ಮೇಲೆ ಇಡತೊಡಗಿದರು. ಅಂಕಿ ಯಾವ ಕಲ್ಲಿಗೆ ಜಿಗಿಯುತ್ತದೆಂದು ಜ್ಯೋತಿಲಕ್ಷ್ಮಿ ಬಗ್ಗಿ ನೋಡಿದಳು. ಜಿಗಿದ ಅಂಕಿಯಿಂದ ಕಲ್ಲುಗಳ ತೂಕ ಕಳೆದರೆ ಚೀಲದ ಖರೆ ತೂಕ. ಮಾಲತೇಶಪ್ಪನವರು ಅದನ್ನು ಗಟ್ಟಿಯಾಗಿ ಕೂಗಿ ಹೇಳಿದರು. ಕಾಟಾ ತೋರಿಸಿದ್ದಕ್ಕಿಂತ ಹಿಡಿಯಷ್ಟು ಹೆಚ್ಚು. ಇಷ್ಟು ಮಂದಿಯ ಎದುರು ಲಕ್ಕಪ್ಪ ಇಲ್ಲ ಅನ್ನುವುದು ಹೇಗೆ? “ಬರಕೋರಿ, ಅಂದಷ್ಟ ಬರಕೋರಿ” ಎಂದು ಗುಮಾಸ್ತನಿಗೆ ಹೇಳಿದರು.

ಉಚ್ಚಂಗೆವ್ವ ಎರಡನೆಯ ಚೀಲ ಮುಂದೆ ಮಾಡಿದಳು, ಮೂರನೆಯದನ್ನೂ ಮಾಡಿದಳು. ಅವಳಾದ ಮೇಲೆ ಹಿಂದಿನವನು “ನಂದೂ ಹಂಗ ತೂಗ್ರಿ ಅಣ್ಣಾರ” ಅಂದ. ಕೆಲಸ ನಿಧಾನ. ಹಮಾಲರು ಬೈದುಕೊಂಡರು, ಲಕ್ಕಪ್ಪ ಎರಡು ಸಲ ಸಮಯ ನೋಡಿಕೊಂಡರು. ಮಾಲತೇಶಪ್ಪನವರ ಇಸ್ತ್ರಿ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು, ಕಣ್ಣಿನಿಂದ ನೀರು ಸುರಿಯುತ್ತಿತ್ತು. ಘಾಟಿಗೋ ಏನೋ, ಜ್ಯೋತಿಲಕ್ಷ್ಮಿ ಕೇಳಲಿಲ್ಲ. ಊಟಕ್ಕೆ ಕರೆದಳು. “ಇನ್ನೂ ಮಂದಿ ಅದಾರ” ಎಂದು ಅವರು ಮುಂದಿನ ಚೀಲಕ್ಕೆ ಕಲ್ಲು ತೆಗೆದರು.

ಮಧ್ಯಾಹ್ನದ ಹೊತ್ತಿಗೆ ಲಕ್ಕಪ್ಪನ ಅಂಗಡಿಯ ಸಾಲು ರಸ್ತೆಗೆ ಬಂದಿತ್ತು. ಪಕ್ಕದ ಅಂಗಡಿಗಳಲ್ಲಿ ಬೇರೆ ಕಂಪನಿಯ ಹೊಸ ಕಾಟಾಗಳು ಖಾಲಿ ನಿಂತಿದ್ದವು. ಆಗಷ್ಟೇ ಟ್ರ್ಯಾಕ್ಟರಿನಿಂದ ಇಳಿದ ರೈತನೊಬ್ಬ ಈ ಗದ್ದಲ ನೋಡಿ, ಸಾಲಿನ ಕೊನೆಯಲ್ಲಿ ಚೀಲದ ಮೇಲೆ ಕೂತವನನ್ನು ಕೇಳಿದ.

“ಯಾಕಪಾ, ಎಲ್ಲಾರೂ ಇಲ್ಲೇ ಪಾಳಿ ಹಚ್ಚೀರಿ? ಅಲ್ಲೆಲ್ಲಾ ಖಾಲಿ ಐತಲ್ಲ?”

ಚೀಲದ ಮೇಲಿದ್ದವನು ಕೂತಲ್ಲಿಂದ ಏಳಲೂ ಇಲ್ಲ.

“ಇಲ್ಲಿ ಕಾಟಾ ಸುಳ್ಳ ಐತಂತ ಅದನ್ನ ಮಾಡಿದಾಂವನ ಬಂದು ಹೇಳ್ಯಾನೋ. ಅದಕ್ಕ ಇಲ್ಲೇ ತೂಗಸಾಕತ್ತೇವಿ,” ಅಂದ.